ಈಮ್: ಗಡಿಕಲ್ಲಿನ ಆರು ತೂತುಗಳು

ಈಮ್ ಇಂಗ್ಲೆಂಡಿನ ಡಾರ್ಬಿಶೈರಿನ ಗುಡ್ಡಗಾಡಿನಲ್ಲಿರುವ ಸಣ್ಣ ಊರು. ಹಿಂದೆ ಇಲ್ಲಿನವರು ಸೀಸದ ಗಣಿಯಲ್ಲಿ ದುಡಿಯುತ್ತಿದ್ದರು. 1665–66ರ ಪ್ಲೇಗಿನ ಪಾಠದಲ್ಲಿ ಈ ಹೆಸರು ಬರುತ್ತದೆ. ಇಸವಿಗಳನ್ನು ಸುಮ್ನೆ ಉರು ಹೊಡೆಯಬೇಡಿ. ಊರಿನ ಒಂದೊಂದು ಜಾಗವನ್ನೂ ಹಿಡಿದು ಓದಿ, ಕಥೆ ತಾನಾಗಿ ನೆನಪಿರುತ್ತದೆ.

ಲಂಡನ್ನಿನಿಂದ ಊರಿನ ದರ್ಜಿಗೆ ಬಟ್ಟೆಯ ಗಂಟು ಬಂತು. ಅದರಲ್ಲಿದ್ದ ಚಿಗಟಗಳಿಂದ ರೋಗ ಹತ್ತಿತು ಎನ್ನುತ್ತಾರೆ. ಸೆಪ್ಟೆಂಬರ್ 1665ರಲ್ಲಿ ದರ್ಜಿಯ ಕೆಲಸಗಾರ ಜಾರ್ಜ್ ವಿಕರ್ಸ್ ಮೊದಲು ತೀರಿಕೊಂಡ.

ಮುಂದಿನ ಬೇಸಿಗೆಯಲ್ಲಿ ಸಾವು ಜಾಸ್ತಿಯಾಯಿತು. ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಹೊಸಬ, ಜನರಿಗೆ ಅವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಧರ್ಮದ ಜಗಳದಲ್ಲಿ ಹುದ್ದೆ ಕಳೆದುಕೊಂಡವರು. ಆದರೂ ಇಬ್ಬರೂ ಕೈಜೋಡಿಸಿದರು. ನನ್ನ ಪ್ರಕಾರ ಇಡೀ ಪಾಠದ ಜೀವ ಇರುವುದು ಇಲ್ಲೇ. ಇಬ್ಬರೂ ಒಟ್ಟಿಗೆ ಹೇಳಿದ್ದಕ್ಕೇ ಜನ ಒಪ್ಪಿದರು: ಯಾರೂ ಊರು ಬಿಡಬಾರದು, ಪ್ರಾರ್ಥನೆ ಬಯಲಲ್ಲಿ ನಡೆಯಬೇಕು, ಸತ್ತವರನ್ನು ಮನೆಯವರೇ ಹೂಳಬೇಕು.

ಈಗ ಜಾಗಗಳಿಗೆ ಬನ್ನಿ. ಸ್ಟೋನಿ ಮಿಡಲ್ಟನ್ ಕಡೆಗೆ ಹೋಗುವ ದಾರಿಯಲ್ಲಿ ಗಡಿಕಲ್ಲು ಇದೆ. ಮೇಲೆ ಆರು ತೂತು ಕೊರೆದಿದ್ದಾರೆ. ಸೋಂಕು ಹೋಗಲೆಂದು ಅವುಗಳಲ್ಲಿ ವಿನೆಗರ್ ತುಂಬಿ, ಊರಿನವರು ದುಡ್ಡಿನ ನಾಣ್ಯ ಹಾಕುತ್ತಿದ್ದರು. ಹೊರಗಿನವರು ಊಟದ ಸಾಮಾನು ಇಟ್ಟು, ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು. ರೋಗಾಣು ಎಂಬುದೇ ಗೊತ್ತಿಲ್ಲದ ಕಾಲದಲ್ಲಿ, ಮುಟ್ಟದೆ ಕೊಡುಕೊಳ್ಳುವ ದಾರಿ ಕಂಡುಕೊಂಡಿದ್ದರು ಅಲ್ವಾ! ಮಾಂಪೆಸನ್ ಬಾವಿಯ ಹತ್ತಿರವೂ ಹೀಗೇ ಸಾಮಾನು ಇಡುತ್ತಿದ್ದರು. ಪ್ರಾರ್ಥನೆ ನಡೆದ ಬಯಲು ಕಕ್ಲೆಟ್ ಡೆಲ್ಫ್. ಈಗಲೂ ಪ್ರತಿ ಆಗಸ್ಟಿನ ಕೊನೆಯ ಭಾನುವಾರ ಪ್ಲೇಗ್ ನೆನಪಿನ ಪ್ರಾರ್ಥನೆ ನಡೆಯುತ್ತದೆ.

ಸೇಂಟ್ ಲಾರೆನ್ಸ್ ಚರ್ಚಿನ ಅಂಗಳದಲ್ಲಿ ಪ್ಲೇಗಿಗಿಂತ ಎಷ್ಟೋ ಶತಮಾನ ಹಳೆಯ ಕಲ್ಲಿನ ಶಿಲುಬೆ ಇದೆ. ಅಲ್ಲೇ ಪಾದ್ರಿ ಮಾಂಪೆಸನ್ ಅವರ ಹೆಂಡತಿ ಕ್ಯಾಥರಿನ್ ಅವರ ಸಮಾಧಿ. ಮಕ್ಕಳನ್ನು ಹೊರಗೆ ಕಳಿಸಿ, ತಾವು ಗಂಡನ ಜೊತೆ ಊರಲ್ಲೇ ಉಳಿದರು. ಆಗಸ್ಟ್ 1666ರಲ್ಲಿ ತೀರಿಕೊಂಡರು. ಆ ವರ್ಷದ ನವೆಂಬರಿಗೆ ರೋಗ ನಿಂತಿತು. ಸತ್ತವರು ಸುಮಾರು 260 ಎಂಬ ಲೆಕ್ಕ ರೂಢಿಯಲ್ಲಿದೆ.

ಕೊನೆಗೆ ರೈಲಿ ಸಮಾಧಿಗಳು. ಊರಾಚೆಯ ಹೊಲದಲ್ಲಿ, ಕಲ್ಲಿನ ದುಂಡು ಗೋಡೆಯೊಳಗೆ ಇವೆ. ಎಲಿಜಬೆತ್ ಹ್ಯಾನ್‌ಕಾಕ್ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಮನೆಯವರೇ ಹೂಳಬೇಕೆಂಬ ಕಟ್ಟಳೆ ಇತ್ತಲ್ಲ, ಏಳೂ ಗುಂಡಿಗಳನ್ನು ಅವಳೇ ತೋಡಿದಳು.