ಚಿವಿತಾ: ಜೇಡಿಮಣ್ಣಿನ ಮೇಲೆ ನಿಂತ ಇಟಲಿಯ ಹಳ್ಳಿ

ಇಟಲಿಯ ಹಳ್ಳಿಗಳ ಬಗ್ಗೆ ಓದುವಾಗ ನಾವು ಸಾಮಾನ್ಯವಾಗಿ ಚರ್ಚು, ರಾಜಮನೆತನ, ಯುದ್ಧಗಳಿಂದ ಶುರು ಮಾಡುತ್ತೇವೆ. ಚಿವಿತಾ ದಿ ಬಾನ್ಯೊರೆಜೊ ವಿಷಯದಲ್ಲಿ ಮಾತ್ರ ಮಣ್ಣಿನಿಂದ ಶುರು ಮಾಡಿ. ಮಣ್ಣು ಅರ್ಥವಾದರೆ ಇತಿಹಾಸ ಸಲೀಸು.

ಊರು ಇರುವುದು ರೋಮ್‌ನ ಉತ್ತರಕ್ಕೆ, ಲಾತ್ಸಿಯೊ ಪ್ರದೇಶದ ವಿತೆರ್ಬೊ ಜಿಲ್ಲೆಯಲ್ಲಿ. ಸುತ್ತಲೂ ಕಣಿವೆ, ನಡುವೆ ಒಂಟಿ ಗುಡ್ಡ, ಗುಡ್ಡದ ನೆತ್ತಿ ಮೇಲೆ ಹಳ್ಳಿ. ಈ ಗುಡ್ಡದಲ್ಲಿ ಎರಡು ಪದರಗಳಿವೆ. ಮೇಲಿನದು ಟಫ್, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಕೆಳಗಿನದು ಜೇಡಿಮಣ್ಣು, ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದದ್ದು. ಹಸಿ ಜೇಡಿಮುದ್ದೆ ಮೇಲೆ ಚಪ್ಪಡಿ ಕಲ್ಲು ಇಟ್ಟ ಹಾಗೆ ಅಂದುಕೊಳ್ಳಿ. ಮಳೆಗೆ ಜೇಡಿ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಎರಡೂ ಕಡೆ ಹರಿಯುವ ಹಳ್ಳಗಳು ಬುಡವನ್ನು ಕೊರೆಯುತ್ತಲೇ ಇರುತ್ತವೆ. ಬುಡ ಸರಿದಾಗ ಮೇಲಿನ ಕಲ್ಲಿಗೆ ಆಸರೆ ತಪ್ಪುತ್ತದೆ. ಅಂಚಿನುದ್ದಕ್ಕೂ ಬಿರುಕು ಬಿಡುತ್ತದೆ. ಒಂದು ದಿನ ಆ ತುಂಡು ಮನೆ ಸಮೇತ ಕಳಚಿ ಬೀಳುತ್ತದೆ. ಮೊದಲು ಸೋಲುವುದು ಜೇಡಿ, ಅದರ ಹಿಂದೆ ಕಲ್ಲು. ಈ ಕ್ರಮ ನೆನಪಿರಲಿ.

ಹಾಗಾದರೆ ಅಲ್ಲಿ ಹೋಗಿ ಊರು ಕಟ್ಟಿದ್ದು ಯಾಕೆ? ಸುಮಾರು 2,500 ವರ್ಷಗಳ ಹಿಂದೆ ಎತ್ರುಸ್ಕನ್ನರು, ಅಂದರೆ ರೋಮನ್ನರ ಪ್ರಾಬಲ್ಯಕ್ಕೂ ಮೊದಲು ಮಧ್ಯ ಇಟಲಿಯಲ್ಲಿದ್ದ ಜನ, ಇಲ್ಲಿ ನೆಲೆ ನಿಂತರು. ಗುಡ್ಡ ಎತ್ತರದಲ್ಲಿತ್ತು, ಕಾವಲಿಗೆ ಅನುಕೂಲ. ಟಫ್ ಮೆತ್ತಗಿನ ಕಲ್ಲಾದ್ದರಿಂದ ಕೊರೆಯುವುದೂ ಸುಲಭ. ಹಾಗೆ ಕೊರೆದ ಗವಿಗಳಲ್ಲಿ ಮುಂದಿನ ತಲೆಮಾರಿನವರು ವೈನ್ ಇಟ್ಟರು, ಆಲಿವ್ ಎಣ್ಣೆಯ ಗಾಣ ಹೂಡಿದರು. ಬುಕಾಯೋನೆ ಅನ್ನುವ ಸುರಂಗವಂತೂ ಊರಿನ ಅಡಿಯಿಂದ ನೇರ ಕಣಿವೆಗೆ ಇಳಿಯುತ್ತದೆ. ಈ ಊರಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ: ಅರ್ಧ ಊರು ನೆಲದ ಮೇಲೆ, ಇನ್ನರ್ಧ ನೆಲದೊಳಗೆ.

ಮಧ್ಯಯುಗದಲ್ಲಿ ಇದು ಬಿಷಪ್ ಪೀಠವಿದ್ದ ಊರು. 13ನೇ ಶತಮಾನದ ಸಂತ ಬೊನವೆಂತೂರ ಹುಟ್ಟಿದ್ದು ಇಲ್ಲೇ. ಅವರ ಮನೆ ಎಂದೋ ಕಣಿವೆಗೆ ಬಿದ್ದುಹೋಯಿತು.

ಇತಿಹಾಸ ತಿರುಗಿದ್ದು 1695ರ ಭೂಕಂಪದಿಂದ. ಬಿಷಪ್ಪರೂ ಊರಿನ ಆಡಳಿತವೂ ಪಕ್ಕದ ರೋತಾಕ್ಕೆ ಹೋದವು. ಅದೇ ಇವತ್ತಿನ ಬಾನ್ಯೊರೆಜೊ. ಎರಡೂ ಊರುಗಳನ್ನು ಸೇರಿಸಿದ್ದ ದಿಬ್ಬವೂ ಸವೆಯುತ್ತಾ ಬಂತು. ಅಧಿಕಾರ ಹೋದ ಮೇಲೆ ಜನರೂ ಒಬ್ಬೊಬ್ಬರಾಗಿ ಹೊರಟರು. ಈಗಿರುವ ಕಾಲುಸೇತುವೆ 1965ರದು, ಉದ್ದ ಸುಮಾರು 300 ಮೀಟರ್. ಪ್ರವಾಸಿಗರ ಕಾರು ಆಚೆ ದಡದಲ್ಲೇ ನಿಲ್ಲಬೇಕು.

ಸೇತುವೆ ಹತ್ತಿ ಕಲ್ಲಿನ ಬಾಗಿಲು ದಾಟಿದರೆ ಒಂದು ಹಳೇ ದೊಡ್ಡಮನೆಯ ಮುಂಗೋಡೆ ಸಿಗುತ್ತದೆ. ಕಿಟಕಿಗಳು ಹಾಗೇ ಇವೆ. ಅವುಗಳಲ್ಲಿ ಕೋಣೆ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಹಿಂದಿನ ಮನೆ ಪೂರ್ತಿ ಕಣಿವೆ ಪಾಲಾಗಿದೆ. ಮೇಲೆ ಹೇಳಿದ ಪಾಠವೆಲ್ಲ ಆ ಒಂದು ಗೋಡೆಯಲ್ಲಿದೆ ಅಲ್ವಾ?

"ಸಾಯುತ್ತಿರುವ ಊರು" ಅಂತ ಇದಕ್ಕೆ ಹೆಸರಿಟ್ಟವರು ಬಾನ್ಯೊರೆಜೊದವರೇ ಆದ ಲೇಖಕ ಬೊನವೆಂತೂರ ತೆಕ್ಕಿ. ಆ ಹೆಸರು ಈಗ ಜಾಹೀರಾತಿನಂತೆ ಬಳಕೆಯಾಗುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ವರ್ಷಪೂರ್ತಿ ಅಲ್ಲೇ ಇರುವವರು ಹತ್ತಾರು ಜನ, ನೋಡಲು ಬರುವವರು ಲಕ್ಷಾಂತರ. 2013ರಲ್ಲಿ ಒಳಗೆ ಹೋಗಲು 1.5 ಯೂರೋ ಶುಲ್ಕ ಶುರುವಾಯಿತು, ಆಮೇಲೆ ಅದನ್ನು ಏರಿಸಿದರು. ಪ್ರವಾಸಿಗರಿಂದ ಊರಿಗೆ ದುಡಿಮೆ ಬಂದಿದೆ, ನಿಜ. ಆದರೆ ಸಂಜೆ ಅವರೆಲ್ಲ ಸೇತುವೆ ಇಳಿದ ಮೇಲೆ ದೀಪ ಹಚ್ಚುವ ಮನೆ ಎಷ್ಟು? ಹಳ್ಳಿಯನ್ನು ಅಳೆಯಬೇಕಾದದ್ದು ಅದರಿಂದ. ಊರಿನ ಮ್ಯೂಸಿಯಂ ಕೂಡ ಭೂಕುಸಿತದ ಕುರಿತೇ ಇದೆ, ಸಾಧ್ಯವಾದರೆ ಅದರ ಚಿತ್ರಗಳನ್ನು ನೋಡಿ.

ಹಳ್ಳಿಯ ಸ್ವಭಾವ ತಿಳಿಯಲು ಸಾನ್ ದೊನಾತೊ ಚರ್ಚಿನ ಮರದ ಶಿಲುಬೆಮೂರ್ತಿ ಸಾಕು. 15ನೇ ಶತಮಾನದ್ದು. ಶುಭ ಶುಕ್ರವಾರ ಅದನ್ನು ಇಳಿಸಿ, ಹೊತ್ತು, ಬಾನ್ಯೊರೆಜೊದ ಮೆರವಣಿಗೆಗೆ ಒಯ್ಯುತ್ತಾರೆ. ಮಧ್ಯರಾತ್ರಿಯೊಳಗೆ ಅದು ಚಿವಿತಾಗೆ ವಾಪಸ್ ಬರಬೇಕು. ತಡವಾದರೆ ಮೂರ್ತಿ ಬಾನ್ಯೊರೆಜೊದವರದ್ದೇ ಆಗುತ್ತದೆ ಅನ್ನುವುದು ಎರಡೂ ಊರಿನ ಹಳೇ ಮಾತು.