ಗಾಳದ ರಾಡ್ ಮೇಲೆ ಡೆಕಾಲ್: ಆ ಬೆಳ್ಳಿ ಮಸುಕು ಎಲ್ಲಿಂದ ಬಂತು?

ಗಾಳದ ರಾಡ್ ಮೇಲೆ ಹೆಸರು ಹಾಕಲು ಹೋಗಿ ಮೂರು ಡೆಕಾಲ್ (ಮುದ್ರಿಸಿ ಅಂಟಿಸುವ ತೆಳು ಪೊರೆ) ಹಾಳು ಮಾಡಿದ ಮೇಲೆ ನಾಲ್ಕನೆಯದು ಸರಿಯಾಗಿ ಕೂತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹಿಡಿಕೆ, ರೀಲ್ ಸೀಟ್ (ರೀಲ್ ಕೂರುವ ಜಾಗ), ಗೈಡ್ (ಗಾಳದ ಹುರಿ ಹಾಯುವ ಉಂಗುರ) ದಾರದಿಂದ ಕಟ್ಟುವುದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಇಲ್ಲಿರುವುದು ಹಿಡಿಕೆಯ ಮುಂದೆ ಹೆಸರು, ಉದ್ದ, ಲೈನ್ (ಗಾಳದ ಹುರಿ) ತೂಕ ಬರೆಯುವ ಆ ಎರಡಿಂಚು ಜಾಗದ ಕಥೆ ಮಾತ್ರ. ನಾನು ಬಳಸಿದ್ದು ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್.

ಮುದ್ರಣದ ಬಗ್ಗೆ ಎರಡೇ ಮಾತು. ಮನೆಯ ಪ್ರಿಂಟರ್‌ಗೆ ಬಿಳಿ ಬಣ್ಣ ಗೊತ್ತಿಲ್ಲ. ಹಾಗಾಗಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ಬಣ್ಣ ಕಪ್ಪು ಬ್ಲ್ಯಾಂಕ್ (ಏನೂ ಕಟ್ಟದ ಬರಿಯ ರಾಡ್ ಕೋಲು) ಮೇಲೆ ಮಾಯವಾಗುತ್ತದೆ. ನನ್ನದು ತಿಳಿ ಹಸಿರು, ಅಕ್ಷರ ಕಪ್ಪು, ಬಚಾವಾದೆ. ಇನ್ನೊಂದು, ಇಂಕ್‌ಜೆಟ್ ಶಾಯಿ ನೀರಿಗೆ ಕರಗುತ್ತದೆ. ನೆನೆಸುವ ಮೊದಲು ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಎರಡು ಮೂರು ತೆಳು ಪದರ ಹೊಡೆದು ಪೂರ್ತಿ ಒಣಗಿಸಬೇಕು. ನನ್ನ ಮೊದಲನೇ ಡೆಕಾಲ್ ಸತ್ತದ್ದು ಇಲ್ಲೇ. ನೀರೆಲ್ಲ ನೇರಳೆಯಾಯಿತು.

ಅಳತೆಗೆ ಒಂದು ಅಡ್ಡದಾರಿ ಇದೆ, ನನಗೆ ಬಲು ಇಷ್ಟ. ಬ್ಲ್ಯಾಂಕ್ ಸುತ್ತ ಕಾಗದದ ಪಟ್ಟಿ ಸುತ್ತಿ, ತುದಿ ಸೇರುವಲ್ಲಿ ಗುರುತು ಹಾಕಿ ಬಿಚ್ಚಿ. ಅದೇ ಸುತ್ತಳತೆ. ಅದನ್ನು ಮೂರಾಗಿ ಮಡಚಿ. ಒಂದು ಮಡಿಕೆಗಿಂತ ಎತ್ತರದ ಬರಹ ಒಂದೇ ನೋಟಕ್ಕೆ ಸಿಗುವುದಿಲ್ಲ, ರಾಡ್ ತಿರುಗಿಸಿ ಓದಬೇಕಾಗುತ್ತದೆ. 12 ಮಿ.ಮೀ. ದಪ್ಪದ ಬ್ಲ್ಯಾಂಕ್‌ನ ಸುತ್ತಳತೆ ಸುಮಾರು 38 ಮಿ.ಮೀ., ಅಂದರೆ ಬರಹ 12 ಮಿ.ಮೀ. ಮೀರಬಾರದು. ನಾನು 8ಕ್ಕೇ ನಿಲ್ಲಿಸಿದೆ. ನೇರ ಕೂರಿಸಲು ಗೈಡ್‌ಗಳ ಸಾಲಿಗೆ ಸಮನಾಗಿ ತೆಳುವಾದ ಮಾಸ್ಕಿಂಗ್ ಟೇಪ್ ಎಳೆದುಕೊಳ್ಳಿ. ಕಣ್ಣಳತೆ ನಂಬಿದರೆ ಸೊಟ್ಟ ಗ್ಯಾರಂಟಿ.

ಇನ್ನು ನನ್ನನ್ನು ಎರಡು ವಾರ ಕಾಡಿದ ವಿಷಯ. ಎರಡನೇ ಡೆಕಾಲ್ ಚೆನ್ನಾಗಿಯೇ ಜಾರಿತು, ಒತ್ತಿ ನೀರು ತೆಗೆದೆ. ಬೆಳಗ್ಗೆ ನೋಡಿದರೆ ಅಕ್ಷರಗಳ ಸುತ್ತ ಬೆಳ್ಳಗೆ, ಮಂಜು ಕಟ್ಟಿದ ಹಾಗೆ. ನೀರು ಉಳಿದಿರಬೇಕು, ಒಣಗಿದರೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಎಪಾಕ್ಸಿ (ಗೈಡ್ ಕಟ್ಟಿದ ದಾರದ ಮೇಲೂ ಹಚ್ಚುವ ಪಾರದರ್ಶಕ ಲೇಪ) ಹಾಕಿದರೆ ಮುಚ್ಚಿಹೋಗುತ್ತದೆ ಅಂದುಕೊಂಡು ಹಾಕಿದೆ. ಮುಚ್ಚಲಿಲ್ಲ. ಮೇಲೆ ಗಾಜಿನಂಥ ಹೊಳಪು ಬಂತು, ಒಳಗೆ ಮಂಜು ಹಾಗೇ ಇತ್ತು.

ಬಿಸಿ ಮಾಡಿ ಕೆರೆದು, ನುಣುಪು ಉಜ್ಜುಕಾಗದ ಆಡಿಸಿ ಮೂರನೆಯದು ಅಂಟಿಸಿದೆ. ಈ ಸಲ ಮಂಜು ಇನ್ನೂ ಜಾಸ್ತಿ! ಆಗ ತಲೆಗೆ ಹೊಳೆಯಿತು. ಈ ಸಲ ಬದಲಾದದ್ದು ಒಂದೇ: ಉಜ್ಜಿದ್ದರಿಂದ ಮೇಲ್ಮೈ ಇನ್ನೂ ಒರಟಾಗಿತ್ತು.

ಅಂದರೆ ಅದು ನೀರಲ್ಲ, ಗಾಳಿ. ಮ್ಯಾಟ್ (ಹೊಳಪಿಲ್ಲದ) ಮೇಲ್ಮೈ ಅಂದರೆ ಸಣ್ಣ ಸಣ್ಣ ಗುಂಡಿ, ದಿಬ್ಬ. ಡೆಕಾಲ್‌ನ ತೆಳು ಪೊರೆ ದಿಬ್ಬದಿಂದ ದಿಬ್ಬಕ್ಕೆ ಸೇತುವೆ ಹಾಕಿದಂತೆ ಕೂರುತ್ತದೆ. ಗುಂಡಿಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಯಿಂದ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ. ಎಪಾಕ್ಸಿ ಬೀಳುವುದು ಪೊರೆಯ ಮೇಲೆ, ಗಾಳಿ ಇರುವುದು ಪೊರೆಯ ಕೆಳಗೆ. ಹೇಗೆ ಹೋದೀತು? ಇಷ್ಟು ಸರಳ ವಿಷಯಕ್ಕೆ ಎರಡು ವಾರ ತೆಗೆದುಕೊಂಡೆ ನೋಡಿ. ಉಜ್ಜದ ಕಚ್ಚಾ ಬ್ಲ್ಯಾಂಕ್‌ಗಳಲ್ಲಿ ಸುತ್ತು ಗೆರೆಗಳಿರುತ್ತವಲ್ಲ, ಅಲ್ಲೂ ಇದೇ ಪಾಡು.

ಹಾಗಾದರೆ ಮದ್ದು ಡೆಕಾಲ್‌ಗಿಂತ ಮೊದಲೇ ಬೀಳಬೇಕು. ಬ್ಲ್ಯಾಂಕ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಡೆಕಾಲ್ ಕೂರುವ ಜಾಗಕ್ಕೆ ದಾರಕ್ಕೆ ಹಾಕುವ ಅದೇ ಎಪಾಕ್ಸಿ ಫಿನಿಶ್ ಒಂದು ತೆಳು ಪದರ ಹಚ್ಚಿ. ತಿರುಗಿಸುತ್ತಾ ಒಂದು ದಿನ ಬಿಡಿ. ಗುಂಡಿಗಳು ತುಂಬಿ ಕನ್ನಡಿಯಂತಾಗುತ್ತದೆ. ಮತ್ತೊಮ್ಮೆ ಒರೆಸಿ, ಬೆರಳು ತಾಕಿಸದೆ, ಅದರ ಮೇಲೆ ಡೆಕಾಲ್ ಜಾರಿಸಿ. ನಡುವಿನಿಂದ ಅಂಚಿನ ಕಡೆಗೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ. ಮೂಲೆ ಎದ್ದರೆ ಪೊರೆ ಮೆತ್ತಗೆ ಮಾಡುವ ಡೆಕಾಲ್ ದ್ರಾವಣ ಒಂದು ಹನಿ ಸಾಕು. ಅದು ಕೆಲಸ ಮಾಡುವಾಗ ಪೊರೆ ಸುಕ್ಕುಗಟ್ಟಬಹುದು, ಗಾಬರಿಯಾಗಿ ಮುಟ್ಟಬೇಡಿ, ಒಣಗುತ್ತಾ ತಾನೇ ಇಳಿಯುತ್ತದೆ. ಮುಟ್ಟಿದರೆ ಹರಿಯುತ್ತದೆ. ಡೆಕಾಲ್ ಕೂತ ಮೇಲೆ ಆಲ್ಕೊಹಾಲ್ ಅದರ ಹತ್ತಿರ ಸುಳಿಯಬಾರದು, ಸ್ಪ್ರೇ ಪದರವೂ ಶಾಯಿಯೂ ಎರಡೂ ಕೆಡುತ್ತವೆ.

ರಾತ್ರಿಯಿಡೀ ಒಣಗಲಿ. ಇಲ್ಲಿ ಮಾತ್ರ ನಿಜವಾಗಿಯೂ ನೀರಿನ ಭಯವಿದೆ. ತೇವ ಇರುವಾಗಲೇ ಮುಚ್ಚಿದರೆ ಮಂಜು ಇನ್ನೊಂದು ದಾರಿಯಲ್ಲಿ ಬರುತ್ತದೆ.

ಮುಚ್ಚುವ ಪದರ ಸುಲಭ, ದಾರದ ಫಿನಿಶ್ ಹಾಕಿದವರಿಗೆ ಹೊಸದೇನಿಲ್ಲ. ಫಿನಿಶ್‌ನ ಎರಡು ಭಾಗ, ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್, ಬೇರೆ ಬೇರೆ ಸಿರಿಂಜ್‌ನಲ್ಲಿ ಸಮ ಅಳತೆ. ನನ್ನ ಫಿನಿಶ್‌ಗೆ ತೂಕದಲ್ಲಲ್ಲ, ಗಾತ್ರದಲ್ಲಿ (ಮಿ.ಲೀ. ಲೆಕ್ಕದಲ್ಲಿ) ಸಮ. ಸ್ವಲ್ಪವೇ ಬೇಕಾದರೂ 3 ಮಿ.ಲೀ.ನಷ್ಟು ಒಂದೊಂದು ತೆಗೆದುಕೊಳ್ಳಿ. ತೀರಾ ಕಡಿಮೆ ತೆಗೆದರೆ ಒಂದು ಹನಿ ಹೆಚ್ಚುಕಮ್ಮಿಯೂ ಅಂಟು ಅಂಟಾಗಿಯೇ ಉಳಿಸುತ್ತದೆ. ಮೂರ್ನಾಲ್ಕು ನಿಮಿಷ ನಿಧಾನಕ್ಕೆ ಕಲಸಿ, ಬೀಸಿದರೆ ಗುಳ್ಳೆ. ಡೆಕಾಲ್ ಅಂಚಿನಿಂದ ಮೂರು ಮಿ.ಮೀ. ಆಚೆಯವರೆಗೂ ಹಚ್ಚಿ, ಇಲ್ಲವಾದರೆ ಅಂಚೇ ಮೊದಲು ಏಳುವುದು. ಗುಳ್ಳೆಗೆ ಸ್ಪಿರಿಟ್ ದೀಪದ ಜ್ವಾಲೆ ಒಂದು ಕ್ಷಣ ಕೆಳಗಿನಿಂದ ತೋರಿಸಿ ಸಾಕು, ಅಲ್ಲೇ ನಿಲ್ಲಿಸಬೇಡಿ. ರಾಡ್ ಮಾತ್ರ ತಿರುಗುತ್ತಲೇ ಇರಬೇಕು, ಮರೆತರೆ ಫಿನಿಶ್ ಕೆಳಗಿಳಿದು ಹೊಟ್ಟೆ ಬರುತ್ತದೆ. ಟೇಪ್ ಹಾಕಿ ಅಂಚು ಕಟ್ಟಿದ್ದರೆ, ಫಿನಿಶ್ ಗಟ್ಟಿಯಾಗುವ ಮೊದಲೇ ಟೇಪ್ ತೆಗೆಯಿರಿ.

ಮೊದಲ ಪದರದ ಮೇಲೆ ಉಗುರಿಗೆ ಡೆಕಾಲ್ ಅಂಚು ಇನ್ನೂ ತಾಕಿತು. ಮಾರನೇ ದಿನ ಎರಡನೇ ತೆಳು ಪದರ ಹಾಕಿದ ಮೇಲೆ ತಾಕಲಿಲ್ಲ. ಒಣಗಿತೇ ಅಂತ ರಾಡ್ ಒತ್ತಿ ನೋಡಬೇಡಿ, ಫಿನಿಶ್ ಕಲಸಿದ ಲೋಟದಲ್ಲಿ ಉಳಿದದ್ದನ್ನು ಒತ್ತಿ. ಅದು ದಪ್ಪಗಿರುವುದರಿಂದ ಬೇಗ ಗಟ್ಟಿಯಾಗುತ್ತದೆ. ಅದೇ ಇನ್ನೂ ಅಂಟುತ್ತಿದ್ದರೆ ರಾಡ್ ಮೇಲಿನದು ಖಂಡಿತ ಹಸಿ.