ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’ ಅಂತಿತ್ತು

ಮಂಗಳವಾರ ನಮಗೆ ತಾಲ್ಲೂಕು ಆಸ್ಪತ್ರೆಯ ದಿನ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅವತ್ತು ಮನೋವೈದ್ಯರು ಅಲ್ಲಿಗೆ ಹೋಗಿ ಕೂರುತ್ತೇವೆ. ಒಂದು ಮಂಗಳವಾರ ಒಬ್ಬ ಹೆಂಗಸು ಮಧ್ಯಾಹ್ನದವರೆಗೂ ಬೆಂಚಿನ ಮೇಲೇ ಕೂತಿದ್ದರು. ಹಿಂದೆ ಬಂದವರನ್ನೆಲ್ಲ ಮುಂದೆ ಕಳಿಸುತ್ತಿದ್ದರು. ಎಲ್ಲರೂ ಹೋದ ಮೇಲೆ ಒಳಗೆ ಬಂದರು. ಚೀಟಿಯಲ್ಲಿ ‘ಗ್ಯಾಸ್ಟ್ರಿಕ್’ ಅಂತಿತ್ತು.

‘ಅದಕ್ಕೆ ಪಕ್ಕದ ರೂಮಮ್ಮ’ ಅಂದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೂತರು. ‘ನನಗಲ್ಲ ಮೇಡಂ, ನಮ್ಮನೆಯವರಿಗೆ. ಬೆಳಿಗ್ಗೆ ಎದ್ರೆ ಕೈ ನಡುಗುತ್ತೆ. ಕಾಫಿ ಲೋಟ ಹಿಡಿಯೋಕಾಗಲ್ಲ. ಒಂದು ಕ್ವಾರ್ಟರ್ ಒಳಗೆ ಹೋದ್ರೆ ನಿಲ್ಲುತ್ತೆ.’ ಮನೆಯವರು ಹೊರಗೆ ಬೈಕ್ ಮೇಲೆ ಕೂತಿದ್ದರು. ಔಷಧಿ ಕೌಂಟರಿನಲ್ಲಿ ಅವರ ದೊಡ್ಡಪ್ಪನ ಮಗ ಕೆಲಸಕ್ಕಿದ್ದಾನೆ. ಅವನ ಕಣ್ಣಿಗೆ ಬೀಳಬಾರದು, ಅಷ್ಟೇ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.)

ಆಮೇಲೆ ಅವರು ಕೇಳಿದ್ದು ನಾನು ವರ್ಷಕ್ಕೆ ಎಷ್ಟೋ ಸಲ ಕೇಳುವ ಮಾತು. ‘ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕೋಕೆ ಏನಾದ್ರೂ ಕೊಡಿ ಮೇಡಂ.’

ಕೊಡುವುದಿಲ್ಲ. ಡೈಸಲ್ಫಿರಮ್ ಅನ್ನುವ ಮಾತ್ರೆ ಇದೆ, ನಿಜ. ಕುಡಿದದ್ದು ದೇಹದಲ್ಲಿ ಪೂರ್ತಿ ಕರಗದೆ ಅರ್ಧದಲ್ಲೇ ನಿಲ್ಲುವ ಹಾಗೆ ಅದು ಮಾಡುತ್ತೆ. ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಜೀವಕ್ಕೇ ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಲಿವರ್, ಹೃದಯ ಪರೀಕ್ಷೆ ಮಾಡಿ, ತೆಗೆದುಕೊಳ್ಳುವವರಿಗೆ ಎಲ್ಲ ತಿಳಿಸಿ, ಅವರು ಒಪ್ಪಿದರೆ ಮಾತ್ರ ಕೊಡುವ ಔಷಧಿ ಅದು. ಕದ್ದು ಹಾಕುವುದಲ್ಲ. ಆದರೆ ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತೆ ಅಂತ ಊರೇ ಹೇಳಿಕೊಟ್ಟಿರುವಾಗ ಅವರು ಇನ್ನೇನು ಕೇಳಿಯಾರು?

ಆರು ವರ್ಷ ಅವರು ಹೀಗೇ ಮುಚ್ಚಿಟ್ಟಿದ್ದರು. ಗಂಡ ಕೆಲಸಕ್ಕೆ ಹೋಗದ ದಿನ ಫೋನ್ ಮಾಡಿ ‘ಜ್ವರ’ ಅನ್ನುವುದು. ತವರಿನ ಮದುವೆಗೆ ಒಬ್ಬರೇ ಹೋಗಿ ‘ಅವರಿಗೆ ರಜೆ ಸಿಗ್ಲಿಲ್ಲ’ ಅನ್ನುವುದು. ಹತ್ತು ವರ್ಷದ ಮಗಳು ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಿದ್ದಳು. ಅತ್ತೆ ಬಾಯಲ್ಲಿ ಒಂದೇ ಮಾತು: ‘ಹೆಂಡತಿ ಸರಿಯಿದ್ದಿದ್ರೆ ನನ್ನ ಮಗ ಯಾಕೆ ಕುಡೀತಿದ್ದ?’ ಇದೇ ಅತ್ತೆ ಮದುವೆಗೆ ಮುಂಚೆ ‘ಒಂದು ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಅಂದಿದ್ದರಂತೆ. ಅಂದರೆ ರೋಗ ಗೊತ್ತಿತ್ತು. ಔಷಧಿಯ ಜಾಗದಲ್ಲಿ ಒಂದು ಹುಡುಗಿಯನ್ನು ತಂದರು, ಅಲ್ವಾ?

ನಾಚಿಕೆ ಹೆಚ್ಚಿದಷ್ಟೂ ಆಣೆ ಹೆಚ್ಚುತ್ತೆ. ಮಗುವಿನ ತಲೆ ಮುಟ್ಟಿಸಿ ಆಣೆ, ಮಂಜುನಾಥನ ಮೇಲೆ ಆಣೆ. ಮಾಲೆ ಹಾಕುವ ಕಾಲದಲ್ಲಂತೂ ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ದಿನಕ್ಕೆ ನಿಲ್ಲಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಮದ್ಯಕ್ಕೆ ಒಗ್ಗಿಹೋದ ಮೆದುಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಡುಕ, ಬೆವರು, ನಿದ್ದೆಯಿಲ್ಲ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಾಡುತ್ತವೆ, ಸತ್ತವರು ಬಂದು ಕರೆಯುತ್ತಾರೆ, ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಮನೆಯವರು ‘ಗಾಳಿ ಸೋಕಿದೆ’ ಅಂತ ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಡೆಲಿರಿಯಮ್. ಕುಡಿತ ಏಕಾಏಕಿ ನಿಂತಾಗ ಮೆದುಳು ಗೊಂದಲಕ್ಕೆ ಬೀಳುವ ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಆಸ್ಪತ್ರೆಯಲ್ಲಾದರೆ ಡಯಾಜೆಪಾಮ್‌ನಂಥ ಔಷಧಿ, ತಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುತ್ತೇವೆ. ಹೆಚ್ಚಿನವರು ಒಂದು ವಾರದಲ್ಲಿ ಆ ಗಂಡಾಂತರ ದಾಟುತ್ತಾರೆ. ನಡುಕ ತಾಳಲಾರದೆ ನಡುವೆ ಒಂದು ಗುಟುಕು ಹಾಕಿದವರಿಗೆ ಊರು ‘ಆಣೆ ಮುರಿದ’ ಅನ್ನುತ್ತೆ.

ನಮ್ಮ ಭಾಷೆಯನ್ನೇ ನೋಡಿ. ಬಿಪಿ ಇದ್ದವರು ‘ಬಂದರು’, ಶುಗರ್ ಇದ್ದವರು ‘ಬಂದರು’, ಕುಡುಕ ಮಾತ್ರ ‘ಬಂದ’. ಬಹುವಚನದಿಂದ ಏಕವಚನಕ್ಕೆ ಇಳಿಯಲು ಒಂದು ಬಾಟಲಿ ಸಾಕು. ನಾನೇನು ಕಡಿಮೆ ಇರಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಪಾಳಿಯಲ್ಲಿ ‘ಕುಡ್ಕನ ಕೇಸು, ಕೊನೆಗೆ ನೋಡೋಣ’ ಅಂದವಳೇ. ಒಂದು ರಾತ್ರಿ ಹಾಗೆ ಕೊನೆಗೆ ನೋಡಿದವರ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಬಿದ್ದು ಪೆಟ್ಟಾಗಿತ್ತು, ನಾವೆಲ್ಲ ನಶೆ ಅಂದುಕೊಂಡಿದ್ದೆವು. ಅವರು ಬದುಕಿಕೊಂಡರು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತೆ. ಐನೂರಕ್ಕೂ ಹೆಚ್ಚು ಮಾನಸಿಕ ಆರೋಗ್ಯ ತಜ್ಞರಿಗೆ ಒಂದೇ ವ್ಯಕ್ತಿಯ ಕಥೆ ಕೊಟ್ಟರು. ಕೆಲವರ ಹಾಳೆಯಲ್ಲಿ ಆತ ‘ದುಶ್ಚಟದವನು’, ಉಳಿದವರ ಹಾಳೆಯಲ್ಲಿ ‘ವ್ಯಸನದ ಕಾಯಿಲೆ ಇರುವವರು’ ಅನ್ನುವ ಅರ್ಥದ ಪದ. ಬದಲಾದದ್ದು ಅಷ್ಟೇ. ಮೊದಲನೆಯದನ್ನು ಓದಿದವರು ‘ತಪ್ಪು ಅವನದೇ’ ಅನ್ನುವ ಕಡೆ ಜಾಸ್ತಿ ವಾಲಿದರು. ಇದನ್ನೇ ಓದಿ ಪಾಸಾದವರ ಕಥೆ ಇದು.

ಕಾನೂನು ನಮಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಆದರೂ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ವ್ಯಸನಿಗಳಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಎಷ್ಟು ಮನೆಯಿಂದ ‘ಜ್ವರ’ ಅಂತ ಫೋನ್ ಹೋಗುತ್ತಿದೆಯೋ.

ಕಾಯಿಲೆ ಅಂದಮಾತ್ರಕ್ಕೆ ಎಲ್ಲ ಸಹಿಸಿಕೊಳ್ಳಿ ಅಂತಲ್ಲ. ಕೈ ಎತ್ತಿದರೆ ಅದು ಹೊಡೆತವೇ. ಅದಕ್ಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಅಂತ ಆ ಹೆಂಗಸಿಗೂ ಹೇಳಿದೆ. ಗಂಡ ಬರಲು ಒಪ್ಪದಿದ್ದರೂ ನೀವೊಬ್ಬರೇ ಬನ್ನಿ, ಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತಲೂ ಹೇಳಿದೆ. ಅವತ್ತು ಬೈಕ್ ಹತ್ತಿರ ನಾನೇ ಹೋದೆ. ಕುಡಿತದ ಮಾತೆತ್ತಲಿಲ್ಲ. ‘ರಾತ್ರಿ ನಿದ್ದೆ ಬರುತ್ತಾ ನಿಮಗೆ?’ ಅಂದೆ. ಅವರು ತಲೆ ತಗ್ಗಿಸಿ ‘ಇಲ್ಲ ಮೇಡಂ’ ಅಂದರು. ಅಲ್ಲಿಂದ ಶುರುವಾಯಿತು.

ವಾರ್ಡಿನಲ್ಲಿ ಒಂಬತ್ತು ದಿನ ಇದ್ದರು. ನಾಲ್ಕು ತಿಂಗಳು ಮುಟ್ಟಲಿಲ್ಲ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಅಣ್ಣತಮ್ಮಂದಿರ ಜತೆ ಕೂತವರು ಮತ್ತೆ ಕುಡಿದರು. ಈ ಸಲ ಹೆಂಡತಿ ಆರು ವರ್ಷ ಕಾಯಲಿಲ್ಲ. ಮುಂದಿನ ಮಂಗಳವಾರವೇ ಇಬ್ಬರೂ ಒಟ್ಟಿಗೆ ಬೆಂಚಿನ ಮೇಲಿದ್ದರು, ಸರದಿ ಬಂದಾಗಲೇ ಒಳಗೆ ಬಂದರು. ಚೀಟಿ ನೋಡಿದೆ. ಈಗಲೂ ‘ಗ್ಯಾಸ್ಟ್ರಿಕ್’ ಅಂತಲೇ ಇತ್ತು. ನಾನೇನೂ ಕೇಳಲಿಲ್ಲ.